ಹಿಮ್ಮಡಿಯ ಹಗ್ಗ ಹರಿದಾಗ

ತೊಗರಿ ಕಟಾವು ಶುರುವಾಗುವ ಕಾಲ. ಐನಾಪುರದ ಮೈದಾನದಲ್ಲಿ ಸಂಜೆ ಐದರ ನಂತರ ನಾವು ಏಳೆಂಟು ಜನ ಶಿಕ್ಷಕರು ಮತ್ತು ಊರಿನ ಕೆಲವು ಹುಡುಗರು ವಾಲಿಬಾಲ್ ಆಡುತ್ತಿದ್ದೆವು. ಸರ್ಕಾರಿ ನೌಕರರ ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿತ್ತು. ವರ್ಷವಿಡೀ ಆಡದಿದ್ದವರೂ ಅದಕ್ಕಾಗಿ ಹದಿನೈದು ದಿನ ಆಡುವುದು ನಮ್ಮಲ್ಲಿ ವಾಡಿಕೆ. ಬಲೆಯ ಹತ್ತಿರ ಬೀಳುತ್ತಿದ್ದ ಚೆಂಡನ್ನು ಎತ್ತಲು ಎಡಗಾಲನ್ನು ನೆಲಕ್ಕೆ ಒತ್ತಿ ಮುಂದಕ್ಕೆ ಚಿಮ್ಮಿದೆ. ಅದೇ ಕ್ಷಣ ಹಿಮ್ಮಡಿಯ ಮೇಲ್ಭಾಗಕ್ಕೆ ಯಾರೋ ಬೂಟುಗಾಲಿನಿಂದ ಒದ್ದಂತಾಯಿತು. 'ಟಪ್' ಎಂಬ ಸದ್ದೂ ಕೇಳಿಸಿತು. ಸಿಟ್ಟಿನಿಂದ ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ಏನಾಯ್ತ್ರೀ ಸರ?" ಎಂದು ಎಲ್ಲರೂ ಓಡಿ ಬಂದರು. ನೋವು ನಾನು ಹೆದರಿದಷ್ಟು ಇರಲಿಲ್ಲ. ಎದ್ದು ನಿಂತೆ, ಕುಂಟುತ್ತ ನಾಲ್ಕು ಹೆಜ್ಜೆ ಇಟ್ಟೆ. ಪಾದವನ್ನು ಮೇಲೆ ಕೆಳಗೆ ಆಡಿಸಿದೆ, ಆಡಿತು. "ಉಳುಕ್ಯಾದ್ರಿ, ತಿಕ್ಕಿದ್ರ ಸರಿ ಹೋಗ್ತದ" ಎಂದರು ಹಿರಿಯರೊಬ್ಬರು. ಅಂದು ರಾತ್ರಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ಎರಡು ದಿನದ ನಂತರ ಎಕ್ಸ್‌ರೇ ತೆಗೆಸಿದೆ. ಮೂಳೆ ಮುರಿದಿಲ್ಲವೆಂದು ಗೊತ್ತಾಗಿ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನೋವಿನ ಮಾತ್ರೆ ನುಂಗಿ, ಬಟ್ಟೆ ಸುತ್ತಿಕೊಂಡು ಶಾಲೆಗೂ ಹೋದೆ. ಮೆಟ್ಟಿಲು ಹತ್ತುವಾಗ ಮಾತ್ರ ಎಡಗಾಲು ನನ್ನದೇ ಅಲ್ಲವೆನಿಸುತ್ತಿತ್ತು. ಹನ್ನೆರಡನೆಯ ದಿನ ಕಲಬುರಗಿಯಲ್ಲಿ ಮೂಳೆತಜ್ಞರೊಬ್ಬರು ನನ್ನನ್ನು ಬೋರಲಾಗಿ ಮಲಗಿಸಿ, ಎರಡೂ ಪಾದಗಳು ಮಂಚದ ಅಂಚಿನಿಂದ ಹೊರಗೆ ಇಳಿಬೀಳುವಂತೆ ಮಾಡಿ, ಬಲಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ಕೆಳಗೆ ಬಾಗಿತು. ಎಡಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ಅಲುಗಲಿಲ್ಲ.

"ಹಿಂದಿನಿಂದ ಯಾರೋ ಒದ್ದ ಹಾಗಾಯಿತೇ?" ಎಂದು ಅವರು ಕೇಳಿದಾಗ ನನಗೆ ಅಚ್ಚರಿಯಾಯಿತು. ಈ ಗಾಯವಾದವರಲ್ಲಿ ಬಹಳ ಮಂದಿ ಹಿಂದಿರುಗಿ ನೋಡುತ್ತಾರಂತೆ. ನನ್ನ ಹಿಮ್ಮಡಿಯ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ನಲವತ್ತು ದಾಟಿದ ಮೇಲೂ ಆಡುವವರಿಗೆ ಬರುವ ದೊಡ್ಡ ಗಾಯಗಳಲ್ಲಿ ಇದು ಬಹಳ ಪರಿಚಿತವಾದದ್ದು, ಹಾಗಿದ್ದೂ ಸುಲಭವಾಗಿ ಕಣ್ತಪ್ಪುವಂಥದ್ದು. ಸುಮಾರು ಐದರಲ್ಲಿ ಒಂದು ಪ್ರಕರಣ ಮೊದಲ ಪರೀಕ್ಷೆಯಲ್ಲಿ ಗುರುತಾಗದೆ ಉಳಿಯುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ವಿಜ್ಞಾನ ಶಿಕ್ಷಕನಾದ ನಾನೇ ಹನ್ನೆರಡು ದಿನ ಕಳೆದುಕೊಂಡೆ. ಈ ಲೇಖನ ಬರೆಯಲು ಅದೇ ಕಾರಣ.

ರಜ್ಜು ಎಂದರೇನು?

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ಇಂಥ ಗಾಯಕ್ಕೆ 'ನರ ಹರಿಯಿತು' ಎನ್ನುತ್ತಾರೆ. ನರ ಬೇರೆ, ರಜ್ಜು ಬೇರೆ. ನರ ಸಂದೇಶ ಸಾಗಿಸುವ ತಂತಿ. ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ ಅಸ್ಥಿರಜ್ಜು. ಕಬಡ್ಡಿ ಆಟಗಾರರ ಮೊಣಕಾಲಿನಲ್ಲಿ ಹರಿಯುವುದು ಸಾಮಾನ್ಯವಾಗಿ ಈ ಮೂರನೆಯದು.

ಮೊಣಕಾಲಿನ ಹಿಂಭಾಗದ ಕೆಳಗೆ ಉಬ್ಬಿರುವ ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಎರಡೂ ಕೆಳಗಿಳಿಯುತ್ತ ಕಿರಿದಾಗಿ, ಒಂದೇ ರಜ್ಜುವಾಗಿ ಕೂಡಿಕೊಂಡು ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ದೇಹದ ಅತ್ಯಂತ ದಪ್ಪ ಮತ್ತು ಬಲವಾದ ರಜ್ಜು ಇದೇ. ಉದ್ದ ಸುಮಾರು 15 ಸೆಂ.ಮೀ. ಗ್ರೀಕ್ ವೀರ ಅಕಿಲಿಸ್‌ನ ಹೆಸರು ಇದಕ್ಕೆ ಅಂಟಿದೆ. ತಾಯಿ ಅವನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ನೀರು ತಾಗದ ಹಿಮ್ಮಡಿಯೊಂದೇ ಅವನ ದೇಹದ ದುರ್ಬಲ ಸ್ಥಾನವಾಯಿತು ಎಂಬುದು ಕತೆ. ದುರ್ಯೋಧನನ ತೊಡೆಯ ಕತೆ ಬಲ್ಲ ನಮಗೆ ಇದು ಹೊಸದಲ್ಲ. ಜರನ ಬಾಣ ತಗುಲಿದ್ದೂ ಕೃಷ್ಣನ ಪಾದಕ್ಕೇ. ಹರಿದ ಈ ರಜ್ಜುವಿನ ವಿವರಣೆ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆಯ ಹದಿನಾರನೆಯ ಶತಮಾನದ ಬರಹಗಳಲ್ಲಿಯೇ ಸಿಗುತ್ತದೆ.

ರಜ್ಜುವಿನಲ್ಲಿ ನೀರನ್ನು ಕಳೆದು ಉಳಿಯುವ ವಸ್ತುವಿನ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನ್. ಪುಂಡಿ ನಾರಿನಿಂದ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದರ ರಚನೆ ಬೇಗ ಅರ್ಥವಾಗುತ್ತದೆ. ಅಣುಗಳು ಹೆಣೆದು ಎಳೆ, ಎಳೆಗಳು ಸೇರಿ ನಾರು, ನಾರುಗಳು ಸೇರಿ ಕಟ್ಟು, ಕಟ್ಟುಗಳು ಸೇರಿ ರಜ್ಜು. ವಿರಾಮದಲ್ಲಿರುವಾಗ ನಾರುಗಳು ಅಲೆಯಲೆಯಾಗಿ ಸುಕ್ಕುಗಟ್ಟಿರುತ್ತವೆ. ಎಳೆದಾಗ ಮೊದಲು ಸುಕ್ಕು ಬಿಡಿಸಿಕೊಳ್ಳುತ್ತದೆ, ಆಮೇಲೆ ನಾರು ಸ್ವತಃ ಹಿಗ್ಗುತ್ತದೆ. ಪಠ್ಯಗಳು ಕೊಡುವ ಸ್ಥೂಲ ಲೆಕ್ಕದಂತೆ ಶೇ. 4ರಷ್ಟು ಹಿಗ್ಗಿದರೆ ಅಲ್ಲಲ್ಲಿ ಸೂಕ್ಷ್ಮ ಎಳೆಗಳು ಕಿತ್ತುಹೋಗತೊಡಗುತ್ತವೆ, ಶೇ. 8ರ ಆಚೆ ಹಗ್ಗವೇ ಹರಿಯುತ್ತದೆ.

ಇದು ಬರಿಯ ಹಗ್ಗವಲ್ಲ, ಸ್ಪ್ರಿಂಗ್ ಕೂಡ ಹೌದು. ಓಡುವಾಗ ಪಾದ ನೆಲಕ್ಕೆ ಬಿದ್ದಾಗ ರಜ್ಜು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಪಾದ ಎತ್ತುವಾಗ ಅದನ್ನು ಮರಳಿಸುತ್ತದೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1987ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಓಟದ ಪ್ರತಿ ಹೆಜ್ಜೆಯಲ್ಲಿ ಕೈಬದಲಾಗುವ ಶಕ್ತಿಯ ಸುಮಾರು ಮೂರನೇ ಒಂದು ಭಾಗವನ್ನು ಈ ರಜ್ಜುವೇ ನಿಭಾಯಿಸುತ್ತದೆ.

ತುದಿಗಾಲಿನ ಸನ್ನೆಕೋಲು

ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವಿದೆ. 60 ಕೆ.ಜಿ. ತೂಕದವರೊಬ್ಬರು ಒಂದೇ ಕಾಲಿನ ತುದಿಬೆರಳ ಮೇಲೆ ನಿಂತಿದ್ದಾರೆ ಎನ್ನೋಣ. ಕಣಕಾಲಿನ ಕೀಲಿನಿಂದ ಬೆರಳ ಬುಡದ ದಿಂಡಿನವರೆಗೆ 12 ಸೆಂ.ಮೀ., ಕೀಲಿನಿಂದ ಹಿಂದಕ್ಕೆ ರಜ್ಜುವಿನವರೆಗೆ 5 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಕೀಲನ್ನೇ ಆನಿಕೆಯಾಗಿ ತೆಗೆದುಕೊಂಡರೆ ನೆಲ ಮೇಲಕ್ಕೆ ಒತ್ತುವ ಬಲ 60, ಅದರ ತೋಳು 12. ರಜ್ಜುವಿನ ಎಳೆತದ ತೋಳು 5. ಹಾಗಾಗಿ ಎಳೆತ 60×12÷5, ಅಂದರೆ 144 ಕೆ.ಜಿ. ಭಾರಕ್ಕೆ ಸಮ. ಸುಮ್ಮನೆ ನಿಂತದ್ದಕ್ಕೇ ದೇಹತೂಕದ ಎರಡೂವರೆ ಪಟ್ಟು!

ಇಲ್ಲೊಂದು ಎಡವಟ್ಟಿದೆ. ತುದಿಗಾಲಿನಲ್ಲಿ ನಿಲ್ಲುವುದನ್ನು ಎರಡನೆಯ ವರ್ಗದ ಸನ್ನೆಕೋಲಿನ ಉದಾಹರಣೆಯಾಗಿ ಅನೇಕ ಪುಸ್ತಕಗಳು ಕೊಡುತ್ತವೆ. ಬೆರಳ ಬುಡ ಆನಿಕೆ, ಕೀಲಿನ ಮೇಲೆ 60 ಕೆ.ಜಿ. ಭಾರ, 17 ಸೆಂ.ಮೀ. ದೂರದಲ್ಲಿ ರಜ್ಜು. ಹಾಗೆ ಮಾಡಿದರೆ ಎಳೆತ 60×12÷17, ಕೇವಲ 42 ಕೆ.ಜಿ. ಬರುತ್ತದೆ. ತಪ್ಪೆಲ್ಲಿ? ಮೀನಖಂಡ ಹೊರಗಿನಿಂದ ಎಳೆಯುತ್ತಿಲ್ಲ. ಅದು ಹಿಮ್ಮಡಿಯನ್ನು ಮೇಲಕ್ಕೆ ಎಳೆದಷ್ಟೇ ಬಲದಿಂದ ಕಾಲಿನ ಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಕೀಲಿನ ಮೇಲಿನ ಭಾರ 60 ಅಲ್ಲ, 60 ಮತ್ತು ರಜ್ಜುವಿನ ಎಳೆತ ಎರಡೂ ಕೂಡಿದಷ್ಟು. ಅದನ್ನು ಸೇರಿಸಿ ಲೆಕ್ಕ ಮಾಡಿದರೆ ಮತ್ತೆ 144 ಬರುತ್ತದೆ. ನಾನು ಇಪ್ಪತ್ತು ವರ್ಷ ಈ ಉದಾಹರಣೆಯನ್ನು ಪಾಠ ಮಾಡಿದ್ದೇನೆ. ತಪ್ಪು ಹೊಳೆದದ್ದು ಕಾಲು ಹರಿದುಕೊಂಡು ಮಲಗಿದ ಮೇಲೆ.

ಓಡುವಾಗ, ಚಿಮ್ಮುವಾಗ ಈ ಎಳೆತ ದೇಹತೂಕದ ಆರರಿಂದ ಹನ್ನೆರಡು ಪಟ್ಟಿನವರೆಗೂ ಏರುತ್ತದೆ. ಮೊಣಕಾಲು ನೇರವಾಗಿದ್ದು, ಹಿಮ್ಮಡಿ ಕೆಳಗಿದ್ದು, ಅದೇ ಕ್ಷಣ ಮೀನಖಂಡ ಜೋರಾಗಿ ಸಂಕುಚಿಸಿದರೆ ರಜ್ಜು ಎರಡೂ ತುದಿಯಿಂದ ಎಳೆಯಲ್ಪಡುತ್ತದೆ. ಹಿಂದಿನ ಸಾಲಿನಿಂದ ಬಲೆಯತ್ತ ನುಗ್ಗುವ ವಾಲಿಬಾಲ್ ಆಟಗಾರನ ಭಂಗಿ, ಕಬಡ್ಡಿಯಲ್ಲಿ ಮುಟ್ಟಿ ಹಿಂದಿರುಗುವವನ ಭಂಗಿ, ಶಟಲ್ ಆಡುವವರು ಹಿಂದೆ ಸರಿದು ಥಟ್ಟನೆ ಮುಂದಕ್ಕೆ ಹಾಯುವ ಭಂಗಿ ಎಲ್ಲವೂ ಇದೇ. ಹೆಚ್ಚಾಗಿ ಹರಿಯುವುದು ಹಿಮ್ಮಡಿಯ ಮೂಳೆಗಿಂತ 2ರಿಂದ 6 ಸೆಂ.ಮೀ. ಮೇಲೆ. ಅಲ್ಲಿ ರಕ್ತದ ಪೂರೈಕೆ ಉಳಿದೆಡೆಗಿಂತ ಕಡಿಮೆ.

ನಡುವಯಸ್ಸಿಗೇ ಏಕೆ?

ಈ ಗಾಯ ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವಿನ ಗಂಡಸರಲ್ಲಿ, ಅದರಲ್ಲೂ ಆಗೀಗ ಆಡುವವರಲ್ಲಿ ಕಂಡುಬರುತ್ತದೆ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಅಲ್ ಗೋರ್ 1994ರ ಆಗಸ್ಟ್‌ನಲ್ಲಿ, ತಮ್ಮ 46ನೇ ವಯಸ್ಸಿನಲ್ಲಿ, ಬ್ಯಾಸ್ಕೆಟ್‌ಬಾಲ್ ಆಡುವಾಗ ಹಿಮ್ಮಡಿಯ ರಜ್ಜು ಹರಿದುಕೊಂಡರು. ಮರುತಿಂಗಳು ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನಕ್ಕೆ ಊರುಗೋಲಿನೊಂದಿಗೇ ಹೋದರು. ನನ್ನ ವಯಸ್ಸೂ ಅಷ್ಟೇ ಎಂಬುದರಲ್ಲಿ ಏನೋ ಒಂದು ಸಮಾಧಾನವಿತ್ತು.

ವಯಸ್ಸಿಗೂ ರಜ್ಜುವಿಗೂ ಇರುವ ಸಂಬಂಧವನ್ನು ಬಹಳ ಸೊಗಸಾಗಿ ತೋರಿಸಿಕೊಟ್ಟದ್ದು ಪರಮಾಣು ಬಾಂಬು ಎಂದರೆ ನಂಬುವುದು ಕಷ್ಟ. 1950ರ ದಶಕದ ನಡುಭಾಗದಿಂದ 1963ರವರೆಗೆ ಬಯಲಿನಲ್ಲಿ ನಡೆದ ಬಾಂಬು ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದ ನಂತರ ಅಂಥ ಪರೀಕ್ಷೆಗಳು ಬಹುಮಟ್ಟಿಗೆ ನಿಂತು, ಸಾಗರಗಳೂ ಜೀವಿಗಳೂ ಹೀರಿಕೊಳ್ಳುತ್ತ ಹೋದಂತೆ ಆ ಪ್ರಮಾಣ ವರ್ಷವರ್ಷಕ್ಕೆ ಇಳಿಯಿತು. ಸಸ್ಯಗಳು ಈ ಇಂಗಾಲವನ್ನು ಗಾಳಿಯಿಂದ ಪಡೆಯುತ್ತವೆ, ನಾವು ಸಸ್ಯಗಳಿಂದ. ಆದ್ದರಿಂದ ದೇಹದ ಯಾವುದೇ ಅಂಗಾಂಶ ಕಟ್ಟಿಕೊಂಡ ವರ್ಷದ ಗುರುತು ಅದರೊಳಗೇ ಉಳಿದಿರುತ್ತದೆ. ಕಾರ್ಬನ್-14ರ ಅರ್ಧಾಯು 5730 ವರ್ಷವಾದ್ದರಿಂದ ಒಬ್ಬರ ಆಯುಷ್ಯದಲ್ಲಿ ಅದು ಕ್ಷಯಿಸಿಹೋಗುವ ಚಿಂತೆಯಿಲ್ಲ.

ಡೆನ್ಮಾರ್ಕಿನ ಕಾಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು 1945ರಿಂದ 1983ರ ನಡುವೆ ಹುಟ್ಟಿ ತೀರಿಕೊಂಡಿದ್ದ 28 ಮಂದಿಯ ಹಿಮ್ಮಡಿ ರಜ್ಜುವಿನ ತಿರುಳನ್ನು ಹೀಗೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿರುಳಿನಲ್ಲಿದ್ದ ಕಾರ್ಬನ್-14 ಆ ವ್ಯಕ್ತಿಗಳ ಮೊದಲ ಹದಿನೇಳು ವರ್ಷಗಳ ವಾತಾವರಣಕ್ಕೆ ಹೊಂದುತ್ತಿತ್ತು. ಅವರದೇ ಸ್ನಾಯುಗಳಲ್ಲಿ ಮಾತ್ರ ವಸ್ತು ನಿರಂತರವಾಗಿ ಹೊಸದಾಗುತ್ತಿದ್ದುದು ಕಂಡಿತು. ಅಂದರೆ ಎತ್ತರ ಬೆಳೆಯುವುದು ನಿಂತ ಮೇಲೆ ರಜ್ಜುವಿನ ತಿರುಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಲವತ್ತಾರರಲ್ಲಿ ನಾನು ಹರಿದುಕೊಂಡದ್ದು ಪಿಯುಸಿ ಕಾಲಕ್ಕೇ ಹೊಸೆದು ಮುಗಿದಿದ್ದ ಹಗ್ಗ!

ಹಾಗೆಂದು ಮಕ್ಕಳಲ್ಲದವರು ಆಡಬಾರದೆಂದಲ್ಲ. ತೊಡಕಿರುವುದು ವೇಗದಲ್ಲಿ. ಹದಿನೈದು ದಿನದ ಅಭ್ಯಾಸದಲ್ಲಿ ಸ್ನಾಯು ಬಲ ಪಡೆಯಬಲ್ಲದು, ರಜ್ಜು ಅಷ್ಟು ಬೇಗ ಹೊಂದಿಕೊಳ್ಳದು. ಹೊಸ ಎಂಜಿನ್ನು, ಹಳೆಯ ಪಟ್ಟಿ. ಇದಕ್ಕೆ ಇನ್ನೆರಡು ಸಂಗತಿ ಸೇರಿಸಬೇಕು. ಬಹುಕಾಲದ ಮಧುಮೇಹ ರಜ್ಜುವನ್ನು ಪೆಡಸು ಮಾಡುತ್ತದೆ. ಸಿಪ್ರೋಫ್ಲಾಕ್ಸಸಿನ್ ಬಗೆಯ ಪ್ರತಿಜೈವಿಕಗಳು ರಜ್ಜು ಹರಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಇವುಗಳ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಲ್ಲಿ, ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ಹೊಟ್ಟೆ ಕೆಟ್ಟರೆ ಚೀಟಿಯಿಲ್ಲದೆ ಇದೇ ಮಾತ್ರೆ ಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಆಟಗಾರರಲ್ಲದಿದ್ದರೂ ಇದು ತಿಳಿದಿರಬೇಕು.

ಮೂರು ಸುಳ್ಳು ಸಮಾಧಾನಗಳು

ನನ್ನನ್ನು ಹನ್ನೆರಡು ದಿನ ದಾರಿ ತಪ್ಪಿಸಿದ್ದು ಮೂರು ಸಮಾಧಾನಗಳು. ನಡೆಯಲು ಬರುತ್ತಿದೆ, ಪಾದ ಆಡುತ್ತಿದೆ, ಎಕ್ಸ್‌ರೇ ಸರಿಯಿದೆ. ಕುಂಟುತ್ತ ನಡೆಯುವುದಕ್ಕೆ ಮೀನಖಂಡದ ಪೂರ್ತಿ ಬಲ ಬೇಕಿಲ್ಲ. ಪಾದವನ್ನು ಕೆಳಗೆ ಬಾಗಿಸಲು ಬೆರಳುಗಳನ್ನು ಮಡಿಸುವ ಸ್ನಾಯುಗಳೂ ಕಣಕಾಲಿನ ಎರಡು ಪಕ್ಕದ ಸ್ನಾಯುಗಳೂ ನೆರವಾಗುತ್ತವೆ. ದೇಹದ ತೂಕ ಎತ್ತುವುದು ಮಾತ್ರ ಅವುಗಳಿಂದ ಆಗದು. ಇನ್ನು ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ರಜ್ಜುವನ್ನು ಕಾಣಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು.

ಯಂತ್ರಗಳಿಗಿಂತ ಮೊದಲು ಕೈ ಇದೆ. ಮೀನಖಂಡವನ್ನು ಹಿಂಡಿ ನೋಡುವ ಪರೀಕ್ಷೆಯನ್ನು 1957ರಲ್ಲಿ ಸಿಮಂಡ್ಸ್, 1962ರಲ್ಲಿ ಥಾಂಪ್ಸನ್ ಎಂಬ ವೈದ್ಯರು ವಿವರಿಸಿದರು. ಹಿಂಡಿದಾಗ ಸ್ನಾಯು ಉಬ್ಬಿ ರಜ್ಜುವನ್ನು ಎಳೆಯುತ್ತದೆ, ರಜ್ಜು ಪಾದವನ್ನು ಬಾಗಿಸುತ್ತದೆ. ಹಗ್ಗ ತುಂಡಾಗಿದ್ದರೆ ಎಳೆತ ದಾಟುವುದಿಲ್ಲ. ಆರೋಗ್ಯವಂತ ವಿದ್ಯಾರ್ಥಿಯೊಬ್ಬನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ ಇದನ್ನು ತರಗತಿಯಲ್ಲೇ ತೋರಿಸಬಹುದು. ಗಾಯವಾದವರಲ್ಲಿ ಮಾತ್ರ ಅದನ್ನು ವೈದ್ಯರಿಗೇ ಬಿಡಿ. ಹಿಮ್ಮಡಿಯ ಮೇಲೆ ಬೆರಳಾಡಿಸಿದರೆ ತಗ್ಗು ಸಿಗುವುದು, ಒಂಟಿ ಕಾಲಿನ ತುದಿಯಲ್ಲಿ ನಿಲ್ಲಲಾಗದಿರುವುದು ಇತರ ಗುರುತುಗಳು.

ಮೈದಾನದಲ್ಲಿ ಇಂಥದ್ದಾದರೆ ತಿಕ್ಕಬಾರದು, ಎಳೆದು 'ಉಳುಕು ತೆಗೆಯ'ಬಾರದು, ಬಿಸಿ ಶಾಖ ಕೊಡಬಾರದು. ಪಾದ ತಾನಾಗಿ ಬೆರಳು ಕೆಳಗಾಗಿ ಬಾಗಿರುವ ಸ್ಥಿತಿಯಲ್ಲೇ ಹಲಗೆಯ ತುಂಡನ್ನೋ ದಪ್ಪ ರಟ್ಟನ್ನೋ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಆ ಕಾಲಿನ ಮೇಲೆ ಭಾರ ಬೀಳದಂತೆ ಕರೆದೊಯ್ಯಬೇಕು. ಹರಿದ ತುದಿಗಳು ಎದುರುಬದುರಾಗಿ ಬೆಸೆಯಲು ಬೆರಳು ಕೆಳಗಾದ ಸ್ಥಿತಿಯೇ ಬೇಕು. ನಾಲ್ಕಾರು ವಾರ ಕಳೆದರೆ ತುದಿಗಳು ದೂರ ಸರಿದು, ನಡುವೆ ಗಾಯದ ಅಂಗಾಂಶ ತುಂಬಿಕೊಳ್ಳುತ್ತದೆ. ಆಗ ಹೆಬ್ಬೆರಳನ್ನು ಮಡಿಸುವ ರಜ್ಜುವನ್ನು ತಂದು ಜೋಡಿಸುವಂಥ ದೊಡ್ಡ ಶಸ್ತ್ರಕ್ರಿಯೆಯೇ ಬೇಕಾಗಬಹುದು.

ಹೊಲಿಗೆಯೋ ಕಟ್ಟೋ?

ಹರಿದ ರಜ್ಜುವನ್ನು ಹೊಲಿಯಲೇಬೇಕೇ? ಈ ಪ್ರಶ್ನೆಗೆ ಉತ್ತರ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ. ನಾರ್ವೆಯಲ್ಲಿ 18ರಿಂದ 60 ವರ್ಷದ 554 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ, ಒಂದಕ್ಕೆ ತೆರೆದ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಸಣ್ಣ ಗಾಯದ ಶಸ್ತ್ರಕ್ರಿಯೆ ನೀಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಕೊನೆಗೆ ರೋಗಿಗಳು ತಮ್ಮ ಕಾಲಿನ ಬಗ್ಗೆ ಕೊಟ್ಟ ಅಂಕಗಳಲ್ಲಿ ಮೂರೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಮತ್ತೆ ಹರಿದದ್ದು ಮಾತ್ರ ಶಸ್ತ್ರಕ್ರಿಯೆಯಿಲ್ಲದವರಲ್ಲಿ ಶೇ. 6.2, ಉಳಿದೆರಡರಲ್ಲಿ ಶೇ. 0.6. ಇದಕ್ಕೆ ಎದುರಾಗಿ ನರಕ್ಕೆ ಪೆಟ್ಟಾದದ್ದು ಶಸ್ತ್ರಕ್ರಿಯೆಯ ಗುಂಪುಗಳಲ್ಲೇ ಹೆಚ್ಚು. ಶಸ್ತ್ರಕ್ರಿಯೆ ಬೇಡವೆಂದವರಿಗೂ ಭಾರದ ಪ್ಲಾಸ್ಟರ್ ಅನಿವಾರ್ಯವಲ್ಲ. ಬ್ರಿಟನ್ನಿನಲ್ಲಿ 540 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮ್ಮಡಿಯ ಕೆಳಗೆ ಬೆಣೆಗಳಿರುವ ಬೂಟು ತೊಟ್ಟು ಮೊದಲಿನಿಂದಲೇ ನಡೆದವರಿಗೂ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಒಂಬತ್ತು ತಿಂಗಳಿಗೆ ಅಂತರ ಕಾಣಲಿಲ್ಲ.

ಆದರೆ ಈ ಅಧ್ಯಯನಗಳಲ್ಲಿ ಇದ್ದವರೆಲ್ಲ ಬೇಗ ಬಂದ ರೋಗಿಗಳು ಎಂಬುದನ್ನು ಮರೆಯಬಾರದು. ಹೊಲಿಗೆಯಿಲ್ಲದೆ ವಾಸಿಯಾಗುವ ಅವಕಾಶ ತಡಮಾಡಿದಷ್ಟೂ ಕಿರಿದಾಗುತ್ತದೆ. ನನ್ನ ಅಲ್ಟ್ರಾಸೌಂಡ್‌ನಲ್ಲಿ ಪಾದವನ್ನು ಪೂರ್ತಿ ಕೆಳಗೆ ಬಾಗಿಸಿದರೂ ತುದಿಗಳು ಕೂಡಲಿಲ್ಲ. ಹೊಲಿಗೆಯೇ ಆಯಿತು.

ಮುಂದಿನದು ಕಾಯುವ ಕೆಲಸ. ಮೊದಲ ಕೆಲವು ದಿನ ಉರಿಯೂತ, ನಂತರದ ವಾರಗಳಲ್ಲಿ ಜೀವಕೋಶಗಳು ಅವಸರದಲ್ಲಿ ನೇಯುವ ತೆಳು ಕೊಲಾಜೆನ್, ಆಮೇಲೆ ವರ್ಷಕ್ಕೂ ಮೀರಿ ನಡೆಯುವ ಮರುಜೋಡಣೆ. ಎಳೆಗಳು ಯಾವ ದಿಕ್ಕಿಗೆ ಜೋಡಿಸಿಕೊಳ್ಳಬೇಕೆಂಬುದನ್ನು ಹೇಳಿಕೊಡುವುದು ಎಳೆತವೇ. ಹಾಗಾಗಿ ಪೂರ್ತಿ ವಿಶ್ರಾಂತಿಯೂ ಬೇಡ, ಅತಿ ಎಳೆತವೂ ಬೇಡ. ಬೆಣೆಗಳನ್ನು ವಾರಕ್ಕೋ ಎರಡು ವಾರಕ್ಕೋ ಒಂದರಂತೆ ತೆಗೆಯುತ್ತ ಪಾದವನ್ನು ನಿಧಾನಕ್ಕೆ ಸಮ ಸ್ಥಿತಿಗೆ ತರುತ್ತಾರೆ. ಮತ್ತೆ ಹರಿಯುವ ಭಯ ಮೊದಲ ಮೂರು ತಿಂಗಳಲ್ಲೇ ಹೆಚ್ಚು, ಅದೂ ಬೂಟು ಬಿಚ್ಚಿ ಧೈರ್ಯ ಬಂದ ಹೊತ್ತಿಗೆ. ಈ ಅವಧಿಯಲ್ಲಿ ಮೀನಖಂಡ ಊದಿ ಬಿಗಿಯಾಗಿ ನೋಯತೊಡಗಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆ ಸೇರಬೇಕು.

ಮನೆಯೊಳಗಿನ ದಿನಗಳು

ವೈದ್ಯರು ಹೇಳಿಕೊಡದ ವಿಷಯಗಳು ಮನೆಯಲ್ಲಿ ಕಾದಿರುತ್ತವೆ. ನಮ್ಮ ಕಡೆಯ ಮನೆಗಳ ನೆಲ ಶಹಾಬಾದ್ ಬಂಡೆಯದು. ಒದ್ದೆಯಾದ ನುಣುಪು ಬಂಡೆಯ ಮೇಲೆ ಊರುಗೋಲಿನ ರಬ್ಬರು ಜಾರುವುದು ನನಗೆ ಮೊದಲ ದಿನವೇ ಗೊತ್ತಾಯಿತು. ಬಚ್ಚಲಿನ ದಾರಿಗೆ ಗೋಣಿಚೀಲ ಹಾಸಿದೆವು. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯಕ್ಕೆ ನಡುವೆ ತೂತಿರುವ ಕುರ್ಚಿ ತರಬೇಕಾಯಿತು. ಎಡಗಾಲಿಲ್ಲದೆ ಬೈಕಿನ ಗೇರು ಹಾಕಲಾಗದು, ಊರುಗೋಲು ಹಿಡಿದು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲಾಗದು. ನನಗೆ ವೈದ್ಯಕೀಯ ರಜೆಯಿತ್ತು, ಸಂಬಳ ಬರುತ್ತಿತ್ತು. ಅಂದು ನಮ್ಮೊಂದಿಗೆ ಆಡುತ್ತಿದ್ದ ಹುಡುಗರಲ್ಲಿ ಇಬ್ಬರು ಮರುದಿನ ಬೆಳಿಗ್ಗೆ ತೊಗರಿ ಕೊಯ್ಯಲು ಹೋಗುವವರು. ಅವರ ಕಾಲು ಹರಿದಿದ್ದರೆ ಮೂರು ತಿಂಗಳ ಕೂಲಿ ಹೋಗುತ್ತಿತ್ತು. ಬಡವರು ಇಂಥ ಗಾಯವನ್ನು 'ಉಳುಕು' ಎಂದು ನಂಬಲು ಬಯಸುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ.

ಕಾಲು ಕಟ್ಟಿಟ್ಟರೆ ಸ್ನಾಯು ಎಷ್ಟು ಬೇಗ ಕರಗುತ್ತದೆಂಬುದು ನನ್ನನ್ನು ಬೆಚ್ಚಿಬೀಳಿಸಿತು. ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತ ತರುಣರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ನಡೆಸಿದ, 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐದೇ ದಿನಕ್ಕೆ ತೊಡೆಯ ಸ್ನಾಯುವಿನ ಅಡ್ಡಳತೆ ಶೇ. 3.5, ಬಲ ಶೇ. 9 ಇಳಿದಿತ್ತು. ಹದಿನಾಲ್ಕು ದಿನಕ್ಕೆ ಅಳತೆ ಶೇ. 8.4, ಬಲ ಶೇ. 23 ಕುಸಿದಿತ್ತು. ಬಲ ಅಳತೆಗಿಂತ ಬೇಗ ಇಳಿಯುವುದನ್ನು ಗಮನಿಸಿ. ಮಿದುಳಿನಿಂದ ಬರುವ ಆಜ್ಞೆಯೂ ಕುಗ್ಗುವುದು ಇದಕ್ಕೆ ಒಂದು ಕಾರಣ.

ಇದೇ ಸಂಗತಿಯಲ್ಲಿ ಒಂದು ಉಪಾಯವೂ ಅಡಗಿದೆ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು, ಒಂದೇ ಕೈಗೆ ವ್ಯಾಯಾಮ ಕೊಟ್ಟರೆ ವ್ಯಾಯಾಮವಿಲ್ಲದ ಇನ್ನೊಂದು ಕೈಯ ಬಲವೂ ಹೆಚ್ಚುವುದನ್ನು ವರದಿ ಮಾಡಿದ್ದರು. ಮುಂದೆ ಇದು ಹಲವು ಬಾರಿ ಖಚಿತವಾಗಿದೆ. ಸ್ನಾಯು ಬೆಳೆಯುವುದಿಲ್ಲ, ನರಮಂಡಲ ಪಾಠವನ್ನು ಎರಡೂ ಬದಿಗೆ ಹಂಚುತ್ತದೆ. ಹಾಗಾಗಿ ಒಳ್ಳೆಯ ಕಾಲನ್ನು ಸುಮ್ಮನೆ ಬಿಡಬಾರದು. ಕುರ್ಚಿಯಲ್ಲಿ ಕೂತು ಬಲಗಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು, ಮಲಗಿ ಸೊಂಟ ಎತ್ತುವುದು, ಎಡಗಾಲಿನ ತೊಡೆಯನ್ನು ಬಿಗಿಹಿಡಿದು ಬಿಡುವುದು ಇವೆಲ್ಲ ನನ್ನ ದಿನಚರಿಯಾದವು. ಊಟದಲ್ಲಿ ಬೇಳೆ, ಮೊಟ್ಟೆ, ಹಾಲು ಹೆಚ್ಚಿಸಿದೆವು. ತೊಗರಿಯ ನಾಡಿನಲ್ಲಿ ಪ್ರೋಟೀನಿಗೆ ಡಬ್ಬಿಯ ಪುಡಿ ಹುಡುಕಬೇಕಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮನಸ್ಸು. ಇಪ್ಪತ್ತು ವರ್ಷದಿಂದ ಮಕ್ಕಳೊಂದಿಗೆ ಆಡುವ ಸರ್ ಎಂದೇ ಊರಿನಲ್ಲಿ ನನ್ನ ಪರಿಚಯ. ಸಂಜೆ ಐದಕ್ಕೆ ಮೈದಾನದ ಕೂಗು ಕೇಳಿಸಿದರೆ ವಿನಾಕಾರಣ ಮನೆಯವರ ಮೇಲೆ ರೇಗುತ್ತಿದ್ದೆ. ನಡುವಯಸ್ಸಿನ ಗಾಯಾಳುವಿಗೆ ಗಾಯದ ಜೊತೆ ಇನ್ನೊಂದು ಯೋಚನೆ ಅಂಟಿಕೊಳ್ಳುತ್ತದೆ. ಇಪ್ಪತ್ತರ ಹುಡುಗ 'ಯಾವಾಗ ಆಡುತ್ತೇನೆ' ಎಂದು ಕೇಳುತ್ತಾನೆ, ನಾವು 'ಇನ್ನು ಆಡುತ್ತೇನೆಯೇ' ಎಂದು. "ಈ ವಯಸ್ಸಿನಾಗ ಇದೆಲ್ಲ ಯಾಕ ಬೇಕಿತ್ರಿ" ಎನ್ನುವ ಹಿತೈಷಿಗಳಿಗೂ ಕೊರತೆಯಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಟನೆಯ ತರಗತಿಯ ಮಕ್ಕಳು. ಬೂಟು ಬಿಚ್ಚಿದ ದಿನ ಎಡ ಮೀನಖಂಡದ ಸುತ್ತಳತೆ ಬಲಕ್ಕಿಂತ 3 ಸೆಂ.ಮೀ. ಕಡಿಮೆಯಿತ್ತು. ಪ್ರತಿ ಸೋಮವಾರ ಅವರು ಅಳತೆಪಟ್ಟಿ ಹಿಡಿದು ಬಂದು ಅಳೆದು ಆಲೇಖ ಎಳೆದರು. ಗೆರೆ ಮೇಲೇರುವುದು ಕಾಣಲು ಆರು ವಾರ ಬೇಕಾಯಿತು. ಆದರೆ ದಿನದಿನದ ಏರುಪೇರಿಗೆ ಕಂಗೆಡುವುದು ಆ ಕಾಗದದಿಂದಲೇ ತಪ್ಪಿತು.

ಬೋಪಣ್ಣನವರ ಮೊಣಕಾಲು

ಈ ದಿನಗಳಲ್ಲಿ ನಾನು ಹೆಚ್ಚು ಓದಿದ್ದು ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣನವರ ಬಗ್ಗೆ. 1980ರಲ್ಲಿ ಹುಟ್ಟಿದ ಅವರ ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿತ್ತು. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಆಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ, ಹಗ್ಗ, ಕುರ್ಚಿ, ಮರದ ತುಂಡುಗಳ ಆಸರೆಯಲ್ಲಿ ಆಸನ ಮಾಡಿಸುವ ಯೋಗಪದ್ಧತಿ ತಮ್ಮನ್ನು ಮತ್ತೆ ನಿಲ್ಲಿಸಿತು ಎನ್ನುತ್ತಾರೆ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದರು. ನಿವೃತ್ತಿ ಘೋಷಿಸಿದ್ದು 2025ರ ನವೆಂಬರ್‌ನಲ್ಲಿ.

ಇದನ್ನು ಪವಾಡವೆಂದು ಓದಬಾರದು. ಸವೆದ ಮೃದ್ವಸ್ಥಿ ಆಸನದಿಂದ ಮತ್ತೆ ಬೆಳೆಯುವುದಿಲ್ಲ. ಸುತ್ತಲಿನ ಸ್ನಾಯುಗಳು ಬಲಗೊಂಡರೆ ಕೀಲಿನ ಮೇಲಿನ ಹೊರೆ ಹಂಚಿಹೋಗುತ್ತದೆ. ಅವರು ಆಡಿದ್ದು ಡಬಲ್ಸ್, ಅಂದರೆ ಅಂಕಣದ ಅರ್ಧ ಭಾಗ. ದೇಹಕ್ಕೆ ತಕ್ಕ ಆಟ ಆರಿಸಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೆಂದು ನನಗೆ ತೋರಿದ್ದು ಇಲ್ಲಿಂದಲೇ.

ರಜ್ಜು ಹರಿಯದೆ ಬರಿ ನೋಯುತ್ತಿರುವವರಿಗೆ ಇನ್ನೊಂದು ಕತೆ ಹೇಳಬೇಕು. ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್ಸನ್ ಅವರಿಗೆ ಸ್ವತಃ ಹಿಮ್ಮಡಿ ನೋವಿತ್ತು. ಶಸ್ತ್ರಕ್ರಿಯೆ ಮಾಡಿಸಿಕೊಳ್ಳಲು ಮೇಲಧಿಕಾರಿ ಒಪ್ಪಲಿಲ್ಲ. ಹರಿದರೆ ಹೇಗೂ ಹೊಲಿಯಲೇಬೇಕಲ್ಲ ಎಂದುಕೊಂಡು ಅವರು ರಜ್ಜುವಿಗೆ ಭಾರಿ ವ್ಯಾಯಾಮ ಕೊಟ್ಟರು. ಹರಿಯುವ ಬದಲು ನೋವೇ ಹೋಯಿತು! ಮೆಟ್ಟಿಲ ಅಂಚಿನಲ್ಲಿ ಬೆರಳುಗಳ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮೊಣಕಾಲು ನೇರವಾಗಿಟ್ಟು 15ರಂತೆ ಮೂರು ಬಾರಿ, ಬಾಗಿಸಿ ಮೂರು ಬಾರಿ, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ನಡುವಯಸ್ಸಿನ 15 ಮಂದಿ ಹವ್ಯಾಸಿ ಓಟಗಾರರ ಮೇಲೆ ಇದನ್ನು ಪ್ರಯೋಗಿಸಿ 1998ರಲ್ಲಿ ಪ್ರಕಟಿಸಿದರು. ಎಲ್ಲರೂ ಮತ್ತೆ ಓಡಿದರು. ಇದು ದೀರ್ಘಕಾಲದ ನೋವಿಗೆ ಮಾತ್ರ. ಹರಿದ ರಜ್ಜುವಿಗೆ, ಹೊಲಿಗೆ ಹಾಕಿದ ರಜ್ಜುವಿಗೆ ಯಾವಾಗ ಎಷ್ಟು ವ್ಯಾಯಾಮ ಎಂಬುದನ್ನು ಚಿಕಿತ್ಸೆ ನೀಡುವವರೇ ಹೇಳಬೇಕು.

ಸಾಮಾನ್ಯವಾಗಿ ಆಟಕ್ಕೆ ಮರಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಎಲ್ಲರೂ ಹಳೆಯ ಮಟ್ಟಕ್ಕೆ ಬರುವುದಿಲ್ಲ. ರಜ್ಜು ವಾಸಿಯಾಗುವಾಗ ತುಸು ಉದ್ದವಾಗಿಬಿಟ್ಟರೆ ತುದಿಗಾಲಿನ ಕೊನೆಯ ಎತ್ತರ ಹಿಂದಿರುಗುವುದು ಕಷ್ಟ. ಕ್ಯಾಲೆಂಡರ್ ನೋಡಿ ಮೈದಾನಕ್ಕೆ ಇಳಿಯುವುದಕ್ಕಿಂತ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದನ್ನು ಎಣಿಸುವುದು ವಾಸಿ. ನಾಲ್ಕನೆಯ ತಿಂಗಳಲ್ಲಿ ನನ್ನ ಎಡ ಹಿಮ್ಮಡಿ ಒಮ್ಮೆಯೂ ಏಳಲಿಲ್ಲ. ಆರನೆಯ ತಿಂಗಳಲ್ಲಿ ಎರಡು ಬಾರಿ ಎದ್ದಿತು. ಈಗ ಬಲಗಾಲು ಇಪ್ಪತ್ತೈದು ಬಾರಿ ಎದ್ದರೆ ಎಡಗಾಲು ಹದಿನೆಂಟಕ್ಕೆ ನಿಲ್ಲುತ್ತದೆ. ಸಂಜೆ ಮೈದಾನಕ್ಕೆ ಹೋಗುತ್ತೇನೆ. ಹತ್ತು ನಿಮಿಷ ನಡೆದು, ಹಿಮ್ಮಡಿ ಎತ್ತಿ ಇಳಿಸಿ ಮೈ ಬಿಸಿಯಾದ ಮೇಲೆ ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತಿಕೊಡುತ್ತೇನೆ. ಬಲೆಯ ಹತ್ತಿರ ಬಿದ್ದ ಚೆಂಡು ಹುಡುಗರದು.